ಉತ್ತರಕ್ಕೆ ಮುನ್ನ ಒಂದಿಷ್ಟು ಮೌನ

ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಮಕ್ಕಳ ಉತ್ತರಕ್ಕಾಗಿ ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು ಪಾಠಗಳ ಧ್ವನಿಮುದ್ರಣಗಳನ್ನು ಕೇಳಿ ಕೇಳಿ ಅಳೆದರು. 1970ರ ದಶಕದಲ್ಲಿ ಅವರು ಪ್ರಕಟಿಸಿದ ಆ ಅಳತೆಯ ಪ್ರಕಾರ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ. ಅಷ್ಟರೊಳಗೆ ಉತ್ತರ ಬಾರದಿದ್ದರೆ ಅವರು ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಮತ್ತೆ ಕೇಳುತ್ತಿದ್ದರು, ಇಲ್ಲವೇ ಇನ್ನೊಂದು ಮಗುವಿನ ಕಡೆಗೆ ತಿರುಗುತ್ತಿದ್ದರು, ಇಲ್ಲವೇ ತಾವೇ ಉತ್ತರ ಹೇಳಿ ಪಾಠ ಮುಂದುವರಿಸುತ್ತಿದ್ದರು. ಕಾಯುವ ಹೊತ್ತನ್ನು ಮೂರು ಸೆಕೆಂಡಿಗೆ ಏರಿಸುವಂತೆ ಶಿಕ್ಷಕರಿಗೆ ತರಬೇತಿ ಕೊಟ್ಟಾಗ ತರಗತಿಯ ಸ್ವರೂಪವೇ ಬದಲಾಯಿತು. ಮಕ್ಕಳ ಉತ್ತರಗಳು ಹಲವು ಪಟ್ಟು ಉದ್ದವಾದವು, ಉತ್ತರವೇ ಬಾರದೆ ಹೋಗುವ ಪ್ರಸಂಗಗಳು ಕಡಿಮೆಯಾದವು, ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳತೊಡಗಿದರು, ‘ನಿಧಾನ’ ಎಂದು ಶಿಕ್ಷಕರು ಮೊದಲೇ ತೀರ್ಮಾನಿಸಿಬಿಟ್ಟಿದ್ದ ಮಕ್ಕಳೂ ಮಾತನಾಡಲು ಮುಂದಾದರು.

ರೋ ಅವರು ಅಂತರ್ಮುಖಿ ಮಕ್ಕಳನ್ನು ಗುರಿಯಾಗಿಟ್ಟುಕೊಂಡು ಈ ಅಧ್ಯಯನ ನಡೆಸಿದವರಲ್ಲ. ಆದರೂ ಅಂತರ್ಮುಖಿಗಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಎರಡು ಸೆಕೆಂಡುಗಳ ಅಂತರವೇ. ಸಮಾಜ ಬಹಿರ್ಮುಖಿಗಳ ಕಡೆಗೆ ವಾಲಿದೆ ಎಂದು ನಾವು ಹೇಳುವಾಗ ಅದು ಯಾರದೋ ದ್ವೇಷದ ಫಲವೆಂಬ ಭಾವನೆ ಬರುವುದುಂಟು; ನಾನು ಕಂಡಂತೆ ಅದರಲ್ಲಿ ದ್ವೇಷದ ಅಂಶ ತೀರಾ ಕಡಿಮೆ. ಶಾಲೆ, ಕಚೇರಿ, ಸಂದರ್ಶನ, ಸಭೆ, ಸಮಾರಂಭ ಇವೆಲ್ಲವನ್ನೂ ನಾವು ಥಟ್ಟನೆ ಬರುವ ಉತ್ತರಕ್ಕೆ ಹೊಂದುವಂತೆ ಕಟ್ಟಿಕೊಂಡಿದ್ದೇವೆ. ಯೋಚಿಸಿ ಮಾತನಾಡುವವರ ಮಾತು ಬಾಯಿಗೆ ಬರುವ ಹೊತ್ತಿಗೆ ಚರ್ಚೆ ಮುಂದಿನ ವಿಷಯಕ್ಕೆ ದಾಟಿರುತ್ತದೆ. ಅವರಲ್ಲಿ ಹೇಳಲು ಏನೂ ಇರಲಿಲ್ಲ ಎಂದು ಉಳಿದವರು ತಿಳಿಯುತ್ತಾರೆ, ಕೆಲವು ವರ್ಷಗಳು ಹೀಗೆಯೇ ಕಳೆದರೆ ಅವರೂ ಅದನ್ನೇ ನಂಬತೊಡಗುತ್ತಾರೆ. ಅಂತರ್ಮುಖಿಗಳ ಶಕ್ತಿಯ ಬಗ್ಗೆ ನಾನು ಹೇಳಬೇಕಾದದ್ದೆಲ್ಲ ಇದರ ಸುತ್ತಲೇ ಇದೆ: ಆ ಶಕ್ತಿಗೆ ಸ್ವಲ್ಪ ಕಾಲಾವಕಾಶ ಬೇಕು, ಆ ಅವಕಾಶ ಕೊಟ್ಟಲ್ಲಿ ಅದು ಎಲ್ಲರಿಗೂ ಉಪಯೋಗಕ್ಕೆ ಬರುತ್ತದೆ.

ಯಾರನ್ನು ಅಂತರ್ಮುಖಿ ಎನ್ನುತ್ತೇವೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಸರಳವಾಗಿ ಹೇಳುವುದಾದರೆ, ಏಕಾಂತದಲ್ಲಿ ಚೇತರಿಸಿಕೊಳ್ಳುವವರು ಅಂತರ್ಮುಖಿಗಳು, ಜನರ ಒಡನಾಟದಲ್ಲಿ ಹುರುಪು ಪಡೆಯುವವರು ಬಹಿರ್ಮುಖಿಗಳು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ವ್ಯಕ್ತಿತ್ವದ ಮಾದರಿಗಳನ್ನು ಕುರಿತು ಬರೆದ ಗ್ರಂಥದ ಮೂಲಕ ಈ ವಿಂಗಡಣೆ ಜನರ ಬಾಯಿಗೆ ಬಂತು. ನಂತರದ ಮನಶ್ಶಾಸ್ತ್ರ ಅದನ್ನು ಎರಡು ಪ್ರತ್ಯೇಕ ಜಾತಿಗಳೆಂದು ನೋಡುವುದಿಲ್ಲ. ಎತ್ತರದಂತೆ ಇದೂ ಒಂದು ಅಳತೆಪಟ್ಟಿ. ಬಹುಪಾಲು ಜನರು ಅದರ ನಡುಭಾಗದಲ್ಲಿರುತ್ತಾರೆ, ಎರಡು ತುದಿಗಳಲ್ಲಿ ಇರುವವರು ಕಡಿಮೆ. ನಾಚಿಕೆ ಬೇರೆ, ಅಂತರ್ಮುಖತೆ ಬೇರೆ. ನಾಲ್ಕು ಜನ ಏನೆನ್ನುತ್ತಾರೋ ಎಂಬ ಅಳುಕು ನಾಚಿಕೆಯ ಮೂಲ. ಅಂತರ್ಮುಖಿಗೆ ಆ ಅಳುಕು ಇರಲೇಬೇಕೆಂದೇನಿಲ್ಲ. ಆತ ಸಾವಿರ ಜನರ ಮುಂದೆ ನಿಂತು ಸರಾಗವಾಗಿ ಉಪನ್ಯಾಸ ಮಾಡಿಯಾನು, ಆದರೆ ಉಪನ್ಯಾಸ ಮುಗಿದ ಮೇಲೆ ಒಂದು ಗಂಟೆ ಒಬ್ಬನೇ ಇರಲು ಬಯಸುತ್ತಾನೆ. ಜನರ ನಡುವೆ ಇರಲು ಹಂಬಲಿಸುತ್ತಲೇ ನಾಚಿ ಹಿಂದೆ ಸರಿಯುವ ಬಹಿರ್ಮುಖಿಗಳೂ ಇದ್ದಾರೆ, ಅವರ ಸಂಕಟ ಬೇರೆಯೇ ಬಗೆಯದು.

ಈ ಸ್ವಭಾವದ ಒಂದು ಪಾಲು ಹುಟ್ಟಿನಿಂದಲೇ ಬರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ಅವರು ನಾಲ್ಕು ತಿಂಗಳ ಕೂಸುಗಳಿಗೆ ಹೊಸ ಆಟಿಕೆ, ಹೊಸ ಧ್ವನಿ, ಹೊಸ ವಾಸನೆಗಳನ್ನು ಪರಿಚಯಿಸಿ ನೋಡಿದಾಗ ಸುಮಾರು ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಮುಂದೆ ಹಿಂಬಾಲಿಸಿ ನೋಡಿದಾಗ, ಹೊಸತನ್ನು ಕಂಡರೆ ಕೈಕಾಲು ಬಡಿಯುತ್ತಿದ್ದ ಆ ಕೂಸುಗಳಲ್ಲಿ ಹಲವು ಎಚ್ಚರಿಕೆಯ, ಮಾತು ಕಡಿಮೆಯ ಮಕ್ಕಳಾಗಿ ಬೆಳೆದಿದ್ದವು. ಹೊರಗಿನ ಸದ್ದುಗದ್ದಲ ಅವರ ಒಳಗೆ ಬೇರೆಯವರಿಗಿಂತ ಹೆಚ್ಚು ಕಂಪನ ಎಬ್ಬಿಸುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಇದಕ್ಕೆ ಸಂಬಂಧಿಸಿದಂತೆ ರಸೆಲ್ ಗೀನ್ ಅವರು 1984ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಮುಖ್ಯವೆನಿಸುತ್ತದೆ. ಕಲಿಕೆಯ ಕೆಲಸವೊಂದನ್ನು ಮಾಡುತ್ತಿರುವಾಗ ಕಿವಿಗೆ ಬೀಳುವ ಸದ್ದು ಎಷ್ಟು ಜೋರಾಗಿರಬೇಕೆಂದು ಆರಿಸಿಕೊಳ್ಳಲು ಬಿಟ್ಟಾಗ ಅಂತರ್ಮುಖಿಗಳು ಕಡಿಮೆ ಸದ್ದನ್ನೂ ಬಹಿರ್ಮುಖಿಗಳು ಹೆಚ್ಚು ಸದ್ದನ್ನೂ ಆರಿಸಿಕೊಂಡರು. ತಾವೇ ಆರಿಸಿದ ಸದ್ದಿನಲ್ಲಿ ಎರಡೂ ಗುಂಪುಗಳು ಸರಿಸಮನಾಗಿ ಕಲಿತವು. ಒಬ್ಬರ ಸದ್ದನ್ನು ಮತ್ತೊಬ್ಬರಿಗೆ ಹಚ್ಚಿದಾಗ ಇಬ್ಬರ ಕಲಿಕೆಯೂ ಕುಗ್ಗಿತು. ಸಾಮರ್ಥ್ಯದಲ್ಲಿ ಎರಡೂ ಗುಂಪುಗಳು ಸಮವೇ ಇದ್ದವು, ವ್ಯತ್ಯಾಸ ಇದ್ದದ್ದು ಒಗ್ಗುವ ಪರಿಸರದಲ್ಲಿ ಮಾತ್ರ. ಇಷ್ಟು ಸರಳವಾದ ವಿಚಾರವನ್ನು ಒಪ್ಪಿಕೊಂಡಿದ್ದರೆ ಗೋಡೆಗಳನ್ನೆಲ್ಲ ಒಡೆದು ಕಚೇರಿಯನ್ನು ಒಂದೇ ದೊಡ್ಡ ಹಜಾರವನ್ನಾಗಿ ಮಾಡುವ ಹುಮ್ಮಸ್ಸು ನಮ್ಮ ಕಾಲದಲ್ಲಿ ಇಷ್ಟು ಹಬ್ಬುತ್ತಿರಲಿಲ್ಲ. ಆ ಹಜಾರಗಳಲ್ಲಿ ಮಾತುಕತೆಯಾದರೂ ಹೆಚ್ಚುತ್ತದೆಯೇ ಎಂದರೆ ಅದೂ ಇಲ್ಲ. ಈಥನ್ ಬರ್ನ್‌ಸ್ಟೈನ್ ಮತ್ತು ಸ್ಟೀಫನ್ ಟರ್ಬನ್ ಅವರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೆರೆದ ವಿನ್ಯಾಸಕ್ಕೆ ಬದಲಾದ ಕಚೇರಿಗಳಲ್ಲಿ ಮುಖಾಮುಖಿ ಮಾತುಕತೆ ಶೇಕಡ 70ರಷ್ಟು ಇಳಿದು, ಇಮೇಲ್ ಮತ್ತು ಸಂದೇಶಗಳ ಸಂಖ್ಯೆ ಏರಿತ್ತು.

ಇನ್ನು ಸಭೆಗಳ ವಿಷಯ. ನನ್ನ ಉದ್ಯೋಗಜೀವನದ ದೊಡ್ಡ ಪಾಲು ಸಭೆಗಳಲ್ಲಿಯೇ ಕಳೆದಿರುವುದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕ್ಯಾಮರನ್ ಆ್ಯಂಡರ್ಸನ್ ಮತ್ತು ಗ್ಯಾವಿನ್ ಕಿಲ್ಡಫ್ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅಪರಿಚಿತರ ಸಣ್ಣ ಗುಂಪುಗಳಿಗೆ ಗಣಿತದ ಲೆಕ್ಕಗಳನ್ನು ಕೊಟ್ಟು ಒಟ್ಟಾಗಿ ಬಿಡಿಸಲು ಹೇಳಲಾಯಿತು. ಮುಂದಾಗಿ, ಧೈರ್ಯವಾಗಿ ಮಾತನಾಡಿದವರನ್ನೇ ಗುಂಪಿನ ಉಳಿದವರು ಹೆಚ್ಚು ಸಮರ್ಥರೆಂದು ಎಣಿಸಿದರು. ವಾಸ್ತವದಲ್ಲಿ ಅವರ ಗಣಿತದ ಅಂಕಗಳು ಬೇರೆಯವರಿಗಿಂತ ಮೇಲಿರಲಿಲ್ಲ. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಶೇಕಡ 94ರಷ್ಟು ಲೆಕ್ಕಗಳಲ್ಲಿ ಯಾರೋ ಒಬ್ಬರು ಮೊದಲು ಹೇಳಿದ ಉತ್ತರವೇ ಗುಂಪಿನ ಕೊನೆಯ ಉತ್ತರವೂ ಆಯಿತು. ಒಂದೇ ಒಂದು ಸರಿ ಉತ್ತರವಿರುವ ಲೆಕ್ಕದಲ್ಲಿಯೇ ಹೀಗಾದರೆ, ಸರಿತಪ್ಪುಗಳು ವರ್ಷಗಳ ನಂತರ ಗೊತ್ತಾಗುವ ಆಡಳಿತದ ತೀರ್ಮಾನಗಳಲ್ಲಿ ಮೊದಲ ಮಾತಿನ ಹಿಡಿತ ಎಷ್ಟಿರಬಹುದು!

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹಿರಿಯ ಸಹೋದ್ಯೋಗಿ ಒಬ್ಬರಿದ್ದರು. ಸಭೆ ಶುರುವಾಗುವ ಮುಂಚೆಯೇ ಬಂದು ಮೇಜಿನ ಕೊನೆಯ ಕುರ್ಚಿಯಲ್ಲಿ ಕುಳಿತು, ಹಂಚಿದ ಕಾಗದಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿದ್ದರು, ಅಡಿಟಿಪ್ಪಣಿಯನ್ನೂ ಬಿಡುತ್ತಿರಲಿಲ್ಲ. ಚೂಪಾದ ಪೆನ್ಸಿಲಿನಿಂದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು. ಒಮ್ಮೆ ದೊಡ್ಡ ಯೋಜನೆಯೊಂದರ ವೇಳಾಪಟ್ಟಿಯ ಬಗ್ಗೆ ಜೋರು ಚರ್ಚೆ ನಡೆದು, ಎಲ್ಲರೂ ಒಪ್ಪಿ, ಅಧ್ಯಕ್ಷತೆ ವಹಿಸಿದವರು ಕಾಗದಗಳನ್ನು ಒಟ್ಟುಮಾಡುತ್ತಿದ್ದಾಗ ಅವರು, “ಸರ್, ಮೂರನೇ ಪುಟದ ಕೊನೆಯ ಸಾಲನ್ನು ಒಮ್ಮೆ ನೋಡಬಹುದೇ?” ಎಂದರು. ಕಾಮಗಾರಿ ಆರಂಭವಾಗುವ ದಿನಾಂಕ ಅದಕ್ಕೆ ಬೇಕಾದ ಮಂಜೂರಾತಿಯ ದಿನಾಂಕಕ್ಕಿಂತ ಹಿಂದಿನದಾಗಿತ್ತು. ಆ ಕೋಣೆಯಲ್ಲಿ ಅದುವರೆಗೆ ಮಾತನಾಡಿದ್ದ ಯಾರೂ ಆ ಎರಡು ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ. ವೇಳಾಪಟ್ಟಿಯನ್ನು ಹೊಸದಾಗಿ ಮಾಡಬೇಕಾಯಿತು. ಅವರು ಆ ಸಭೆಯಲ್ಲಿ ಆಡಿದ್ದು ಅದೊಂದೇ ಮಾತು. ಅಂಥ ಒಂದು ಮಾತು ಹುಟ್ಟುವುದಕ್ಕೆ ಒಂದು ಗಂಟೆಯ ಓದು ಮತ್ತು ಗಮನವಿಟ್ಟು ಕೇಳುವ ಕಿವಿ ಬೇಕಾಗಿತ್ತು ಎಂಬುದು ನನಗೆ ಇಂದಿಗೂ ಅವರ ಬಗ್ಗೆ ಗೌರವ ಹುಟ್ಟಿಸುತ್ತದೆ. ಜೊತೆಗೆ ಒಂದು ಆತಂಕವೂ ಇದೆ: ಅಧ್ಯಕ್ಷರು ಅರ್ಧ ನಿಮಿಷ ಮೊದಲೇ ಎದ್ದುಬಿಟ್ಟಿದ್ದರೆ ಆ ಪ್ರಶ್ನೆ ಕಾಗದದ ಅಂಚಿನಲ್ಲಿಯೇ ಉಳಿಯುತ್ತಿತ್ತು.

ಗುಂಪಿನಲ್ಲಿ ಕುಳಿತು ಬಾಯಿಗೆ ಬಂದ ಕಲ್ಪನೆಗಳನ್ನೆಲ್ಲ ಹೇಳುತ್ತಾ ಹೋಗುವ ‘ಬ್ರೈನ್‌ಸ್ಟಾರ್ಮಿಂಗ್’ ಪದ್ಧತಿಗೂ ಇದೇ ಕಥೆ ಅನ್ವಯಿಸುತ್ತದೆ. ಜಾಹೀರಾತು ಕ್ಷೇತ್ರದ ಅಲೆಕ್ಸ್ ಆಸ್ಬರ್ನ್ ಅದನ್ನು ಬಳಕೆಗೆ ತಂದರು, 1953ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ನಾಲ್ಕು ನಾಲ್ಕು ಜನರ ಗುಂಪುಗಳನ್ನು, ಒಬ್ಬೊಬ್ಬರೇ ಕುಳಿತು ಯೋಚಿಸಿದ ನಾಲ್ವರ ಒಟ್ಟು ಮೊತ್ತದೊಂದಿಗೆ ಹೋಲಿಸಿ ನೋಡಿದರು. ಒಂಟಿಯಾಗಿ ಯೋಚಿಸಿದವರ ಕಲ್ಪನೆಗಳನ್ನು ಕೂಡಿಸಿದಾಗ ಅವು ಗುಂಪಿನ ಕಲ್ಪನೆಗಳ ಸುಮಾರು ಎರಡು ಪಟ್ಟು ಇದ್ದವು. ಮೈಕೇಲ್ ಡೀಲ್ ಮತ್ತು ವೋಲ್ಫ್‌ಗಾಂಗ್ ಸ್ಟ್ರೋಬೆ 1987ರಲ್ಲಿ ಇದರ ಮುಖ್ಯ ಕಾರಣವನ್ನು ಹುಡುಕಿ ಹೇಳಿದರು: ಗುಂಪಿನಲ್ಲಿ ಒಮ್ಮೆಗೆ ಒಬ್ಬರೇ ಮಾತನಾಡಲು ಸಾಧ್ಯ, ಉಳಿದವರು ಸರದಿ ಕಾಯುತ್ತಾ ಕುಳಿತಾಗ ತಮಗೆ ಹೊಳೆದದ್ದನ್ನು ಮರೆಯುತ್ತಾರೆ ಅಥವಾ ಬೇಡವೆಂದು ಬಿಟ್ಟುಬಿಡುತ್ತಾರೆ. ಬರ್ಂಡ್ ರೋರ್‌ಬಾಖ್ 1968ರಲ್ಲಿ ಸೂಚಿಸಿದ ಪದ್ಧತಿ ಈ ತೊಡಕನ್ನು ಸುಲಭವಾಗಿ ಬಿಡಿಸುತ್ತದೆ. ಆರು ಜನರು ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬರೂ ಐದು ನಿಮಿಷದಲ್ಲಿ ಮೂರು ಕಲ್ಪನೆಗಳನ್ನು ಮೌನವಾಗಿ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುತ್ತಾರೆ. ಪಕ್ಕದವರು ಅದನ್ನು ಓದಿ, ಅದರಿಂದ ಹೊಳೆದ ಇನ್ನೂ ಮೂರನ್ನು ಸೇರಿಸುತ್ತಾರೆ. ಹಾಳೆಗಳು ಒಂದು ಸುತ್ತು ಬರುವಷ್ಟರಲ್ಲಿ, ಅಂದರೆ ಅರ್ಧ ಗಂಟೆಯೊಳಗೆ, ಕಾಗದದ ಮೇಲೆ 108 ಕಲ್ಪನೆಗಳಿರುತ್ತವೆ. ಮೇಲಧಿಕಾರಿಯ ಹಾಳೆಗೂ ಹೊಸದಾಗಿ ಸೇರಿದವರ ಹಾಳೆಗೂ ಇಲ್ಲಿ ಒಂದೇ ಗಾತ್ರ.

ಅಂತರ್ಮುಖಿಗಳ ಶಕ್ತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ಯಾರಾದರೂ ಕೇಳಿದರೆ, ಒಂದು ವಿಷಯದ ಜೊತೆ ಬಹಳ ಕಾಲ ಒಂಟಿಯಾಗಿ ಇರಬಲ್ಲ ಶಕ್ತಿ ಎಂದೇ ನಾನು ಹೇಳುತ್ತೇನೆ. ಆ್ಯಂಡರ್ಸ್ ಎರಿಕ್‌ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದಿನ ಸಾಲಿನ ವಿದ್ಯಾರ್ಥಿಗಳು ವಾರಕ್ಕೆ ಸುಮಾರು 24 ಗಂಟೆ ಒಂಟಿಯಾಗಿ ಅಭ್ಯಾಸ ಮಾಡುತ್ತಿದ್ದರೆ, ಸಂಗೀತ ಶಿಕ್ಷಕರಾಗಲು ಓದುತ್ತಿದ್ದವರು 9 ಗಂಟೆಯಷ್ಟು ಮಾತ್ರ ಮಾಡುತ್ತಿದ್ದರು. ಒಂಟಿ ಅಭ್ಯಾಸ ಬಹಿರ್ಮುಖಿಗೆ ಅಸಾಧ್ಯವೆಂದು ಇದರ ಅರ್ಥವಲ್ಲ. ಆತ ಅದಕ್ಕಾಗಿ ತನ್ನ ಮನಸ್ಸನ್ನು ಒಲಿಸಿಕೊಳ್ಳಬೇಕು. ಅಂತರ್ಮುಖಿಗೆ ಆ ಕೋಣೆಯೇ ಅಚ್ಚುಮೆಚ್ಚಿನ ತಾಣ.

ಈ ಮಾತಿಗೆ ಬಾರ್ಬರಾ ಮೆಕ್‌ಕ್ಲಿಂಟಾಕ್ ಅವರಿಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಗತಿಸಿದವರಿಗೆ ಇಂದಿನ ಮನಶ್ಶಾಸ್ತ್ರದ ಹೆಸರುಗಳನ್ನು ಅಂಟಿಸುವುದು ಅಷ್ಟು ಸರಿಯಲ್ಲ, ಆದ್ದರಿಂದ ಅವರ ಕೆಲಸದ ರೀತಿಯ ಬಗ್ಗೆ ಮಾತ್ರ ಹೇಳುತ್ತೇನೆ. ಮುಸುಕಿನ ಜೋಳದ ತೆನೆಯಲ್ಲಿ ಕೆಲವೊಮ್ಮೆ ಕಾಳುಗಳ ಮೇಲೆ ಬಣ್ಣದ ಮಚ್ಚೆಗಳು ಕಾಣಿಸುತ್ತವೆ. ಒಂದು ಕಾಳಿನ ಮೇಲೆ ಅಗಲವಾದ ನೇರಳೆ ಪಟ್ಟೆ, ಇನ್ನೊಂದರ ಮೇಲೆ ಸೂಜಿಮೊನೆಯಷ್ಟು ಚುಕ್ಕೆಗಳು. ಬೇರೆಯವರು ಇದನ್ನು ನೋಡಿ ಮುಂದೆ ಹೋಗಬಹುದಾಗಿತ್ತು. ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಮೆಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಆ ಮಚ್ಚೆಗಳನ್ನೇ ವರ್ಷದಿಂದ ವರ್ಷಕ್ಕೆ ಓದುತ್ತಾ ಕುಳಿತರು. ಪ್ರತಿ ಗಿಡವನ್ನೂ ತಾವೇ ನೆಟ್ಟು, ತಾವೇ ಪರಾಗಸ್ಪರ್ಶ ಮಾಡಿಸಿ, ಕೊಯ್ಲಾದ ಮೇಲೆ ಕಾಳುಗಳನ್ನು ಪರೀಕ್ಷಿಸಿ, ಜೀವಕೋಶಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅವರು ಕಂಡುಕೊಂಡದ್ದು ಇದು: ವರ್ಣತಂತುವಿನ ಒಂದು ತುಣುಕು ತನ್ನ ಜಾಗ ಬಿಟ್ಟು ಬೇರೆಡೆ ಹೋಗಿ ಸೇರಿಕೊಳ್ಳಬಲ್ಲದು. ಬಣ್ಣದ ವಂಶವಾಹಿಯೊಳಗೆ ಅದು ಹೊಕ್ಕರೆ ಬಣ್ಣ ನಿಲ್ಲುತ್ತದೆ, ಹೊರಬಂದರೆ ಆ ಕೋಶದಿಂದ ಮುಂದೆ ಹುಟ್ಟಿದ ಕೋಶಗಳಿಗೆಲ್ಲ ಬಣ್ಣ ಮರಳುತ್ತದೆ. ಕಾಳು ಬೆಳೆಯುವ ಆರಂಭದಲ್ಲಿಯೇ ಹೊರಬಂದರೆ ಮಚ್ಚೆ ದೊಡ್ಡದು, ತಡವಾಗಿ ಬಂದರೆ ಚುಕ್ಕೆ. ಒಂದು ಕಾಳಿನ ಮೈಮೇಲಿನ ಮಚ್ಚೆಯ ಗಾತ್ರದಿಂದ ಅದರೊಳಗೆ ಎಂದೋ ನಡೆದ ಘಟನೆಯ ಕಾಲವನ್ನು ಹೇಳಬಲ್ಲಷ್ಟು ತಾಳ್ಮೆಯ ನೋಟ ಅದು. 1951ರಲ್ಲಿ ಅವರು ಇದನ್ನು ವಿಜ್ಞಾನಿಗಳ ಸಭೆಯ ಮುಂದಿಟ್ಟಾಗ ಹೆಚ್ಚಿನವರಿಗೆ ಅದು ತಲೆಗೆ ಹತ್ತಲಿಲ್ಲ. ಕೆಲವು ವರ್ಷಗಳಲ್ಲಿ ಅವರು ಆ ವಿಷಯದ ಬಗ್ಗೆ ವಿವರವಾಗಿ ಪ್ರಕಟಿಸುವುದನ್ನು ನಿಲ್ಲಿಸಿದರು, ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ. 1983ರಲ್ಲಿ, ತಮ್ಮ 81ನೇ ವಯಸ್ಸಿನಲ್ಲಿ, ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. ಮನೆಯಲ್ಲಿ ಫೋನ್ ಇಟ್ಟುಕೊಂಡಿರದ ಅವರಿಗೆ ಆ ಸುದ್ದಿ ಗೊತ್ತಾದದ್ದು ರೇಡಿಯೊದಿಂದ.

ಹೊರಗಿನ ಮೆಚ್ಚುಗೆಯ ಆಸರೆ ಹೆಚ್ಚಿಲ್ಲದೆ ವರ್ಷಗಟ್ಟಲೆ ಒಂದು ಸತ್ಯದ ಜೊತೆ ನಿಲ್ಲುವುದು ಸುಲಭದ ಮಾತಲ್ಲ. ಆದರೂ ಇಲ್ಲಿ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಮೌನಕ್ಕೂ ಬೆಲೆ ತೆರಬೇಕಾಗುತ್ತದೆ, ಆ ಬೆಲೆಯನ್ನು ಮೌನವಾಗಿರುವವರು ಮಾತ್ರ ತೆರುವುದಿಲ್ಲ. ಒಂದು ಅರಿವು ತಡವಾಗಿ ಬಂದದ್ದರಿಂದ ಇಡೀ ವಿಜ್ಞಾನವೂ ಕಾಯಬೇಕಾಯಿತು.

ಚಾರ್ಲ್ಸ್ ಡಾರ್ವಿನ್ನರ ವಿಷಯದಲ್ಲಿ ಹಾಗಾಗದಿರಲು ಒಂದು ಕಾರಣ ಅವರ ಸ್ನೇಹಿತರು. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಹಳ್ಳಿಮನೆಗೆ ಹೋದ ಡಾರ್ವಿನ್ ಉಳಿದ ಬದುಕನ್ನೆಲ್ಲ ಅಲ್ಲಿಯೇ ಕಳೆದರು. ಅನಾರೋಗ್ಯವೂ ಅದಕ್ಕೆ ಕಾರಣ, ಸ್ವಭಾವವೂ ಕಾರಣ. ಸಭೆ ಸಮಾರಂಭಗಳಿಂದ ದೂರವಿದ್ದ ಅವರು ಜಗತ್ತಿನಿಂದ ದೂರವಿರಲಿಲ್ಲ. ಪಾರಿವಾಳ ಸಾಕುವವರು, ತೋಟಗಾರರು, ಹಡಗಿನ ಅಧಿಕಾರಿಗಳು, ದೂರದೇಶಗಳ ಸಸ್ಯಶಾಸ್ತ್ರಜ್ಞರು ಹೀಗೆ ಸುಮಾರು 2,000 ಜನರೊಂದಿಗೆ ಅವರು ಪತ್ರವ್ಯವಹಾರ ನಡೆಸಿದರು. ಸುಮಾರು 15,000 ಪತ್ರಗಳು ಇಂದು ಲೆಕ್ಕಕ್ಕೆ ಸಿಕ್ಕಿವೆ. ಬರವಣಿಗೆ ಅಂತರ್ಮುಖಿಯ ಹೆದ್ದಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತಮ್ಮ ನಿರ್ಣಯಕ್ಕೆ ವಿರುದ್ಧವಾದ ಸಂಗತಿ ಕಂಡರೆ ಅದನ್ನು ತಕ್ಷಣ ಬರೆದಿಟ್ಟುಕೊಳ್ಳುವುದನ್ನು ನಿಯಮ ಮಾಡಿಕೊಂಡಿದ್ದಾಗಿ, ಅಂಥ ಸಂಗತಿಗಳೇ ಬೇಗ ಮರೆತುಹೋಗುವುದರಿಂದ ಹಾಗೆ ಮಾಡುತ್ತಿದ್ದುದಾಗಿ ಅವರು ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ತಮ್ಮ ವಿಚಾರವನ್ನು ಸ್ಪಷ್ಟವಾಗಿ ಹೇಳುವುದು ತಮಗೆ ಯಾವಾಗಲೂ ಕಷ್ಟವಾಗಿತ್ತು, ಆ ಕಷ್ಟವೇ ಪ್ರತಿ ವಾಕ್ಯದ ಮೇಲೂ ದೀರ್ಘವಾಗಿ ಯೋಚಿಸುವಂತೆ ಮಾಡಿ ಉಪಕಾರ ಮಾಡಿತು ಎಂದೂ ಅಲ್ಲಿಯೇ ಬರೆದಿದ್ದಾರೆ. ಮಾತು ಸರಾಗವಾಗಿ ಬಾರದಿರುವುದು ವಿಚಾರ ಹದಗೊಳ್ಳಲು ನೆರವಾಗುತ್ತದೆ ಎಂಬ ಈ ಅನುಭವ ಎಷ್ಟೋ ಅಂತರ್ಮುಖಿಗಳದ್ದು. ಆದರೆ 1860ರ ಜೂನ್ 30ರಂದು ಆಕ್ಸ್‌ಫರ್ಡಿನಲ್ಲಿ ವಿಕಾಸವಾದದ ಮೇಲೆ ಬಿಸಿಬಿಸಿ ವಾಗ್ವಾದ ನಡೆದಾಗ ಡಾರ್ವಿನ್ ಅಲ್ಲಿರಲಿಲ್ಲ. ಅವರ ಪರವಾಗಿ ಎದ್ದು ನಿಂತವರು ವಿಜ್ಞಾನಿ ಸ್ನೇಹಿತರಾದ ಥಾಮಸ್ ಹಕ್ಸ್‌ಲಿ ಮತ್ತು ಜೋಸೆಫ್ ಹೂಕರ್. ಬಹಿರ್ಮುಖಿಗಳನ್ನು ಹಳಿಯುವ ಬರಹಗಳನ್ನು ಓದಿದಾಗ ನನಗೆ ಬೇಸರವಾಗುವುದು ಇದಕ್ಕೇ. ವರ್ಷಗಟ್ಟಲೆ ಕುಳಿತು ಬರೆಯುವವರೂ ಬೇಕು, ತುಂಬಿದ ಸಭೆಯಲ್ಲಿ ಎದ್ದು ವಾದಿಸುವವರೂ ಬೇಕು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇರಬೇಕು.

ನಾಯಕತ್ವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ್ಯಡಂ ಗ್ರಾಂಟ್ ಮತ್ತು ಸಹಸಂಶೋಧಕರು 2011ರಲ್ಲಿ ಪಿಟ್ಜಾ ಮಳಿಗೆಗಳನ್ನು ಅಧ್ಯಯನ ಮಾಡಿ ಹೇಳಿದ್ದು ನನ್ನ ಅನುಭವಕ್ಕೆ ಹೊಂದುತ್ತದೆ: ಹೇಳಿದಷ್ಟನ್ನು ಮಾಡುವ ಸಿಬ್ಬಂದಿ ಇದ್ದಲ್ಲಿ ಬಹಿರ್ಮುಖಿ ವ್ಯವಸ್ಥಾಪಕರಿಗೆ ಲಾಭ ಹೆಚ್ಚು, ತಾವಾಗಿಯೇ ಸಲಹೆ ಕೊಡುವ ಸಿಬ್ಬಂದಿ ಇದ್ದಲ್ಲಿ ಬಹಿರ್ಮುಖತೆ ಕಡಿಮೆ ಇರುವ ವ್ಯವಸ್ಥಾಪಕರಿಗೆ ಲಾಭ ಹೆಚ್ಚು. ಕೇಳಿಸಿಕೊಳ್ಳುವ ಮೇಲಧಿಕಾರಿ ಇದ್ದಾರೆಂದು ಗೊತ್ತಾದರೆ ಜನರು ಹೇಳುತ್ತಾರೆ.

ಹಾಗಾದರೆ ಅಂತರ್ಮುಖಿಗಳು ಇದ್ದಂತೆಯೇ ಇದ್ದುಬಿಡಬೇಕೇ? ಇಲ್ಲಿ ಸಂಶೋಧನೆ ನಮಗೆ ಹಿತವೆನಿಸದ ಮಾತನ್ನೂ ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು. ಜನರೊಂದಿಗೆ ಬೆರೆತು ಉತ್ಸಾಹದಿಂದ ಮಾತನಾಡಿದ ಹೊತ್ತಿನಲ್ಲಿ ಅಂತರ್ಮುಖಿಗಳೂ ಹೆಚ್ಚು ಸಂತೋಷವಾಗಿರುತ್ತಾರೆ ಎಂದು ವಿಲಿಯಂ ಫ್ಲೀಸನ್ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದರು. ಆ ಸಂತೋಷವನ್ನು ಅಂತರ್ಮುಖಿಗಳು ಮೊದಲೇ ಊಹಿಸುವಾಗ ಕಡಿಮೆಯಾಗಿ ಎಣಿಸುತ್ತಾರೆ ಎಂದು ಜಾನ್ ಝೆಲೆನ್ಸ್ಕಿ ಅವರ ತಂಡ 2013ರಲ್ಲಿ ಹೇಳಿತು. ಹೋಗುವುದೇ ಬೇಡ ಎಂದುಕೊಂಡ ಸಮಾರಂಭಕ್ಕೆ ಹೋಗಿ, ಹೋದದ್ದು ಒಳ್ಳೆಯದಾಯಿತು ಎಂದುಕೊಂಡು ಮರಳಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಆದರೆ 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಜನರಿಗೆ ಒಂದು ವಾರವಿಡೀ ಬಹಿರ್ಮುಖಿಗಳಂತೆ ನಡೆದುಕೊಳ್ಳಲು ಹೇಳಿದಾಗ ಚಿತ್ರ ಬದಲಾಯಿತು. ಒಟ್ಟಾರೆ ಗುಂಪಿಗೆ ಅದರಿಂದ ಒಳಿತಾದರೂ, ಹೆಚ್ಚು ಅಂತರ್ಮುಖಿಗಳಾಗಿದ್ದವರಿಗೆ ಲಾಭ ಕಡಿಮೆಯಾಗಿ ದಣಿವು ಹೆಚ್ಚಾಯಿತು, ತಾವು ತಾವಾಗಿಲ್ಲ ಎಂಬ ಭಾವವೂ ಕಾಡಿತು. ಈ ಮೂರನ್ನೂ ಒಟ್ಟಿಗೆ ಓದಿದಾಗ ನನಗೆ ತೋರುವ ದಾರಿ ಸರಳವಾಗಿದೆ. ಪ್ರೀತಿಸುವ ವಿಷಯಕ್ಕಾಗಿ, ಪ್ರೀತಿಸುವ ಜನರಿಗಾಗಿ ಅಂತರ್ಮುಖಿಯು ಮುಂದೆ ಬಂದು ಮಾತನಾಡಬಲ್ಲ, ಮಾತನಾಡಬೇಕು ಕೂಡ. ಅದರ ನಂತರದ ಏಕಾಂತವನ್ನು ಅವನಿಂದ ಯಾರೂ ಕಸಿದುಕೊಳ್ಳಬಾರದು. 1891ರಲ್ಲಿ ಲಂಡನ್ನಿನ ವಿದಾಯಕೂಟದಲ್ಲಿ ಸಿದ್ಧಪಡಿಸಿಕೊಂಡಿದ್ದ ಭಾಷಣ ನಾಲಿಗೆಗೆ ಬಾರದೆ ಧನ್ಯವಾದ ಹೇಳಿ ಕುಳಿತುಕೊಂಡ ಗಾಂಧೀಜಿ, ಮುಂದೆ ಲಕ್ಷಾಂತರ ಜನರ ಮುಂದೆ ಮಾತನಾಡಿದರು. ಆದರೆ ವಾರಕ್ಕೊಂದು ದಿನ ಸೋಮವಾರದ ಮೌನವನ್ನೂ ಪಾಲಿಸುತ್ತಿದ್ದರು. ಆ ಹಳೆಯ ಸಂಕೋಚ ತಮಗೆ ಮಾತಿನ ಮಿತವ್ಯಯವನ್ನು ಕಲಿಸಿತೆಂದು ಅವರೇ ಬರೆದಿದ್ದಾರೆ.

ಈ ಬರಹವನ್ನು ಓದುತ್ತಿರುವವರಲ್ಲಿ ತಂದೆತಾಯಿಯರಿದ್ದರೆ ಅವರಲ್ಲಿ ನನ್ನದೊಂದು ವಿನಂತಿ ಇದೆ. ಮನೆಗೆ ಬಂದವರ ಮುಂದೆ ಮಗುವನ್ನು ನಿಲ್ಲಿಸಿ, “ಇವನು ಮಾತೇ ಆಡೋದಿಲ್ಲ ನೋಡಿ” ಎಂದು ಹೇಳಬೇಡಿ. ಪ್ರೀತಿಯಿಂದಲೇ ಹೇಳಿದರೂ ಅದು ಮಗುವಿನ ಕಿವಿಗೆ ತೀರ್ಪಿನಂತೆ ಕೇಳಿಸುತ್ತದೆ. ಆ ಮಗು ಬಂದವರನ್ನು ನೋಡುತ್ತಿರುತ್ತದೆ, ಅವರ ಧ್ವನಿಯನ್ನು ಕೇಳುತ್ತಿರುತ್ತದೆ, ಯಾರ ನಗು ನಿಜವಾದದ್ದು ಎಂದು ಅಳೆಯುತ್ತಿರುತ್ತದೆ. ಅರ್ಧ ಗಂಟೆಯ ನಂತರ ತಾನಾಗಿಯೇ ತನ್ನ ಚಿತ್ರದ ಪುಸ್ತಕವನ್ನು ತಂದು ಒಬ್ಬರ ಪಕ್ಕದಲ್ಲಿ ಕುಳಿತುಕೊಳ್ಳುತ್ತದೆ. ಆ ಅರ್ಧ ಗಂಟೆಯನ್ನು ಅದಕ್ಕೆ ಕೊಡಿ. ಹೊಸ ಜಾಗಕ್ಕೆ ಕರೆದೊಯ್ಯುವ ಮುನ್ನ ಅಲ್ಲಿ ಯಾರಿರುತ್ತಾರೆ, ಏನು ನಡೆಯುತ್ತದೆ ಎಂದು ಹೇಳಿ. ಸ್ವಲ್ಪ ಬೇಗನೇ ಹೋಗಿ, ಜನ ಒಬ್ಬೊಬ್ಬರಾಗಿ ಬರುವುದನ್ನು ಮಗು ನೋಡಲಿ. ಎಲ್ಲದರಿಂದಲೂ ಕಾಪಾಡುತ್ತಾ ಹೋದರೆ ಅಳುಕು ಬೆಳೆಯುತ್ತದೆ ಎಂಬುದೂ ನಿಜ, ಆದ್ದರಿಂದ ಕರೆದೊಯ್ಯುವುದನ್ನು ಬಿಡಬೇಡಿ, ಮುಂದಕ್ಕೆ ತಳ್ಳುವುದನ್ನು ಬಿಡಿ.

ಕಚೇರಿಗಳಲ್ಲಿ ಬದಲಾವಣೆ ಇನ್ನೂ ಸುಲಭ. ಅಮೆಜಾನ್ ಕಂಪನಿಯ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ 2004ರಿಂದ ಪವರ್‌ಪಾಯಿಂಟನ್ನು ಬಿಟ್ಟು, ಆರು ಪುಟಗಳವರೆಗಿನ ಟಿಪ್ಪಣಿಯನ್ನು ಎಲ್ಲರೂ ಆರಂಭದಲ್ಲಿ ಮೌನವಾಗಿ ಓದಿದ ಮೇಲೆ ಚರ್ಚೆ ಶುರುಮಾಡುವ ಪದ್ಧತಿ ಬಂತು. ಇದಕ್ಕೆ ಖರ್ಚಿಲ್ಲ, ತರಬೇತಿ ಬೇಡ. ನಾನು ನಡೆಸುವ ಸಣ್ಣ ಸಭೆಗಳಲ್ಲಿ ಮೊದಲ ಹತ್ತು ನಿಮಿಷ ಓದಲು ಬಿಡುತ್ತೇನೆ, ಅತ್ಯಂತ ಕಿರಿಯರಿಂದ ಅಭಿಪ್ರಾಯ ಕೇಳಲು ತೊಡಗುತ್ತೇನೆ, ತೀರ್ಮಾನವನ್ನು ಮರುದಿನ ಬೆಳಿಗ್ಗೆಯವರೆಗೆ ತೆರೆದಿಡುತ್ತೇನೆ. ರಾತ್ರಿ ಯೋಚಿಸಿ ಬೆಳಿಗ್ಗೆ ಬರೆದು ಕಳುಹಿಸುವ ನಾಲ್ಕು ಸಾಲುಗಳು ಸಭೆಯಲ್ಲಿ ಆಡಿದ ಮಾತುಗಳಿಗಿಂತ ಎಷ್ಟೋ ಸಲ ತೂಕವಾಗಿರುತ್ತವೆ.

ಇನ್ನು ಕೆಲಸಕ್ಕೆ ಹೊಸದಾಗಿ ಸೇರಿದ ಅಂತರ್ಮುಖಿ ಗೆಳೆಯ ಗೆಳತಿಯರಿಗೆ ಒಂದೆರಡು ಮಾತು. ಮೊದಲ ಮಾತಿನ ಹಿಡಿತ ಎಷ್ಟು ಬಲವಾದದ್ದು ಎಂದು ಮೇಲೆ ಹೇಳಿದೆ. ಅದನ್ನು ಬದಲಿಸುವವರೆಗೆ ಬಳಸಿಕೊಳ್ಳಬಹುದು. ಸಭೆಗೆ ಬರುವ ಮುನ್ನ ಒಂದೇ ಒಂದು ಪ್ರಶ್ನೆಯನ್ನು ಬರೆದುಕೊಂಡು ಬನ್ನಿ, ಚರ್ಚೆ ಕಾವೇರುವ ಮುಂಚೆ, ಆರಂಭದ ಕೆಲವು ನಿಮಿಷಗಳಲ್ಲಿಯೇ ಅದನ್ನು ಕೇಳಿಬಿಡಿ. ಒಮ್ಮೆ ಧ್ವನಿ ಹೊರಬಂದರೆ ಎರಡನೆಯ ಸಲ ಮಾತನಾಡುವುದು ಅಷ್ಟು ಕಷ್ಟವಾಗುವುದಿಲ್ಲ. ನಿಮ್ಮ ಮಾತನ್ನು ಯಾರಾದರೂ ನಡುವೆ ತುಂಡರಿಸಿದರೆ “ಇನ್ನೊಂದು ವಾಕ್ಯ ಬಾಕಿ ಇದೆ” ಎಂದು ಹೇಳುವುದು ಉದ್ಧಟತನವಲ್ಲ. ಮತ್ತು ಸಭೆ ಕರೆದವರಿಗೆ ಹಿಂದಿನ ದಿನವೇ ಎರಡು ಸಾಲು ಬರೆಯಿರಿ: ನಾಳೆಯ ವಿಷಯಪಟ್ಟಿಯನ್ನೂ ಕಾಗದಗಳನ್ನೂ ಇಂದು ಸಂಜೆಯೊಳಗೆ ಕಳುಹಿಸಿದರೆ ಓದಿಕೊಂಡು ಬರಲು ಅನುಕೂಲವಾಗುತ್ತದೆ ಎಂದು. ನಾನು ಹೀಗೆ ಕೇಳಿದವರಲ್ಲಿ ಹೆಚ್ಚಿನವರು ಸಂತೋಷದಿಂದಲೇ ಕಳುಹಿಸಿದ್ದಾರೆ. ಕೇಳಿದ ಮೇಲೆಯೇ ವಿಷಯಪಟ್ಟಿ ಮಾಡಲು ಕುಳಿತವರೂ ಅವರಲ್ಲಿದ್ದಾರೆ, ಆ ಸಭೆಗಳು ಹೇಳಿದ ಹೊತ್ತಿಗೆ ಮುಗಿದಿವೆ.